ನಾನಾ ಕೇಳಿದ ಎರಡು ಪ್ರಶ್ನೆ

ಹಿಜಾಬ್ ಬಗ್ಗೆ ನನ್ನನ್ನು ಪ್ರಶ್ನೆ ಕೇಳಿದವರಿಗೆ ಲೆಕ್ಕವಿಲ್ಲ. ಯಾಕೆ ಹಾಕ್ತೀರಾ, ಮನೇಲಿ ಬಲವಂತಾನಾ, ಸೆಖೆ ಆಗಲ್ವಾ, ಒಳಗೆ ಕೂದಲು ಎಷ್ಟುದ್ದ ಇದೆ... ಬಸ್ಸಿನಲ್ಲಿ ಪಕ್ಕ ಕೂತವರು, ಆಫೀಸ್ ಕ್ಯಾಂಟೀನಿನಲ್ಲಿ ಎದುರು ಕೂತವರು, ಒಮ್ಮೆ ಹಲ್ಲಿನ ಡಾಕ್ಟರು, ಅದೂ ನನ್ನ ಬಾಯಿ ತೆರೆಸಿಟ್ಟು! ಟಿವಿಯಲ್ಲಿ ಚರ್ಚೆ ಜೋರಾದ ದಿನಗಳಲ್ಲಂತೂ ನನ್ನ ತಲೆ ಮೇಲಿನ ಬಟ್ಟೆ ನನಗಿಂತ ಪ್ರಸಿದ್ಧವಾಗಿತ್ತು. ಆದರೆ "ಅದು ಯಾವ ಬಟ್ಟೆ?" ಎಂದು ಕೇಳಿದವರು ಇಷ್ಟು ವರ್ಷದಲ್ಲಿ ಒಬ್ಬರೇ. ನನ್ನ ನಾನಾ, ಅಂದರೆ ಅಮ್ಮಿಯ ಅಪ್ಪ.

ನಾನಾ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ನಮ್ಮೂರನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರಲ್ಲ, ಆ ಕಾಲದ ಮನುಷ್ಯ. ಮಿಲ್ ಮುಚ್ಚಿದ ಮೇಲೆ ಮಂಡಕ್ಕಿ ವ್ಯಾಪಾರಕ್ಕಿಳಿದರು. ಆದರೆ ಬೆರಳುಗಳು ಮಾತ್ರ ಮಿಲ್ಲಿನಲ್ಲೇ ಉಳಿದಿದ್ದವು. ಮನೆಗೆ ಯಾರೇ ಬರಲಿ, ಸಲಾಮ್ ಮುಗಿಯುವಷ್ಟರಲ್ಲಿ ಅವರ ಅಂಗಿಯ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿಕ್ಕಿ ನೋಡುತ್ತಿದ್ದರು. ಅಮ್ಮಿಗೆ ಇದರಿಂದ ಭಾರೀ ಮುಜುಗರ. ಮನೆಯಲ್ಲಿ ನಮ್ಮದು ದಖನಿ ಮಾತು. ಬಟ್ಟೆಯ ವಿಷಯ ಬಂದರೆ ಮಾತ್ರ ನಾನಾ ಕನ್ನಡಕ್ಕೆ ಹೊರಳುತ್ತಿದ್ದರು. ಕೆಲಸ ಕಲಿತದ್ದು ಆ ಭಾಷೆಯಲ್ಲಿ.

ಪಿಯುಸಿಗೆ ಸೇರಿದ ವರ್ಷ, ಹಬ್ಬಕ್ಕೆ ಹಿರಿಯರು ಕೊಟ್ಟ ಈದಿಯ ದುಡ್ಡಿನಲ್ಲಿ ನಾನೇ ಹೋಗಿ ಒಂದು ಹಿಜಾಬ್ ಕೊಂಡು ತಂದೆ. ತೆಳು ನೇರಳೆ ಬಣ್ಣ. ಅಂಗಡಿಯ ಕನ್ನಡಿಯಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಚೌಕಾಸಿ ಮಾಡುವುದನ್ನೂ ಮರೆತಿದ್ದೆ. ನಾನಾ ಅದರ ಅಂಚನ್ನು ಬೆರಳಲ್ಲಿ ಹಿಡಿದು ಕೇಳಿದರು.

"ಇದು ಯಾವ ಬಟ್ಟೆ?"

"ಪ್ಯೂರ್ ಶಿಫಾನ್ ನಾನಾ."

"ಶಿಫಾನ್ ಅನ್ನೋದು ಬಟ್ಟೆ ಮಾಡಿರೋ ರೀತಿ. ನಾನು ಕೇಳಿದ್ದು ನೂಲು ಯಾವುದು ಅಂತ."

ನನಗೆ ಗೊತ್ತಿರಲಿಲ್ಲ. ಅವರು ಅಂಚಿನಿಂದ ಒಂದು ಎಳೆ ನೂಲನ್ನು ಮೆಲ್ಲಗೆ ಹಿರಿದರು. ಹೊಸ ಹಿಜಾಬು ಎಂದು ನಾನು ಕಿರುಚುತ್ತಿರುವಾಗಲೇ ಆ ಎಳೆಯನ್ನು ಅಡುಗೆಮನೆಯ ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ಗೀರಿದರು. ನೂಲು ಉರಿಯಿಂದ ಹಿಂದೆ ಸರಿಯುವಂತೆ ಮುದುಡಿಕೊಂಡಿತು, ಕರಗಿತು, ಕಪ್ಪು ಹೊಗೆ ಬಿಟ್ಟು ಸಾಸಿವೆಗಿಂತ ಚಿಕ್ಕ ಗಟ್ಟಿ ಗುಂಡಾಗಿ ನಿಂತಿತು. "ಪಾಲಿಯೆಸ್ಟರ್," ಎಂದರು ನಾನಾ. ಆಮೇಲೆ ತಮ್ಮ ಲುಂಗಿಯ ಎಳೆ ಕಿತ್ತು ಸುಟ್ಟು ತೋರಿಸಿದರು. ಅದು ಹಳದಿ ಜ್ವಾಲೆಯಲ್ಲಿ ಸರ್ರನೆ ಉರಿಯಿತು. ಕಾಗದ ಸುಟ್ಟ ವಾಸನೆ. ಮುಟ್ಟಿದರೆ ಉದುರುವ ಬೂದಿ. "ಇದು ಹತ್ತಿ. ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ ಬರ್ತದೆ. ಇನ್ಮೇಲೆ ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳು. ನೂಲು ಯಾವುದು? ಮಾಡಿರೋದು ಹೆಂಗೆ? ಎರಡು ಕೇಳಿದ್ರೆ ಸಾಕು, ಅಂಗಡಿಯವನು ನಿನಗೆ ಸುಳ್ಳು ಹೇಳಕ್ಕೆ ಯೋಚನೆ ಮಾಡ್ತಾನೆ."

ನಾನು ಕೇಳಲಿಲ್ಲ ಅನ್ನಿ. ಹದಿನಾರರ ವಯಸ್ಸಿಗೆ ಕನ್ನಡಿಯ ಮಾತು ಕೇಳಿಸುವಷ್ಟು ನಾನಾನ ಮಾತು ಕೇಳಿಸುವುದಿಲ್ಲ. ನಾನು ಬಿಕಾಂ ಮುಗಿಸಿದ ವರ್ಷ ನಾನಾ ತೀರಿಕೊಂಡರು.

ಜಾರಿದ ಸ್ಯಾಟಿನ್

ಬೆಂಗಳೂರಿನಲ್ಲಿ ಕೆಲಸ ಸಿಕ್ಕಾಗ ಅಮ್ಮಿ ಬ್ಯಾಗಿಗೆ ಚಟ್ನಿಪುಡಿ ತುಂಬುತ್ತಿದ್ದರು. ನಾನಿ ಒಂದು ಬಿಳಿ ಮಲ್ಮಲ್ ದುಪಟ್ಟಾ ತಂದು ಕೊಟ್ಟರು. ನಾನಾ ಮಿಲ್ಲಿನಿಂದ ತಂದಿದ್ದ ಬಟ್ಟೆ. ಸಣ್ಣ ದೋಷವಿರುವ ತುಂಡುಗಳನ್ನು ಕೆಲಸಗಾರರಿಗೆ ಕಡಿಮೆ ಬೆಲೆಗೆ ಕೊಡುತ್ತಿದ್ದರಂತೆ. ಎಷ್ಟೋ ವರ್ಷ ಒಗೆದು ಒಗೆದು ಅದು ಹಾಲಿನ ಕೆನೆಯಷ್ಟು ಮೆತ್ತಗಾಗಿತ್ತು. "ನಮಾಜಿಗೆ ಇಟ್ಕೋ," ಎಂದರು. ನಾನು ಮಡಚಿ ಬ್ಯಾಗಿನ ತಳಕ್ಕೆ ಹಾಕಿದೆ. ಮೇಲಿದ್ದದ್ದು ನಾಲ್ಕು ಹೊಸ ಸ್ಯಾಟಿನ್ ಹಿಜಾಬ್. ಮಿರಿಮಿರಿ ಮಿಂಚುವಂಥವು. ಆಫೀಸಿಗೆ ಇದೇ ಸರಿ ಎಂದು ನನ್ನ ತೀರ್ಮಾನ.

ಮೂರನೇ ತಿಂಗಳಲ್ಲಿ ಒಂದು ಮುಖ್ಯ ಮೀಟಿಂಗ್. ನಾನು ತಯಾರಿಸಿದ ಲೆಕ್ಕದ ವರದಿಯನ್ನು ನಾನೇ ವಿವರಿಸಬೇಕು. ಹಿಂದಿನ ರಾತ್ರಿ ಮೂರು ಸಲ ಅಭ್ಯಾಸ ಮಾಡಿದ್ದೆ. ಮಾತು ಶುರುವಾಗಿ ಎರಡು ನಿಮಿಷಕ್ಕೆ ಲ್ಯಾಪ್‌ಟಾಪ್ ಕಡೆ ಬಗ್ಗಿದೆ ನೋಡಿ, ಹಿಜಾಬ್ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೆ. ಇನ್ನೊಂದು ಕೈಯಲ್ಲಿ ಸ್ಲೈಡ್ ಬದಲಿಸಿದೆ. ತಲೆ ಅಲ್ಲಾಡಿಸದೆ ಮಾತಾಡಿದೆ. ಹೇಳಬೇಕೆಂದುಕೊಂಡದ್ದರಲ್ಲಿ ಅರ್ಧ ನುಂಗಿ ಕೂತುಬಿಟ್ಟೆ. ಹೊರಗೆ ಬಂದ ಮೇಲೆ ಮ್ಯಾನೇಜರ್ ಕಾಳಜಿಯಿಂದಲೇ ಕೇಳಿದರು, "ತಲೆನೋವಾ? ರಜ ಹಾಕಬಹುದಿತ್ತಲ್ಲ." ಆ ವರದಿಯ ಮುಂದಿನ ಮೀಟಿಂಗಿಗೆ ಬೇರೆಯವರು ಹೋದರು.

ಜಾರದಿರಲಿ ಎಂದು ಮರುದಿನದಿಂದ ಬಿಗಿಯಾದ ಅಂಡರ್‌ಸ್ಕಾರ್ಫ್, ಮೇಲೆ ಆರು ಪಿನ್ನು. ಈಗ ನಿಜವಾಗಿಯೂ ತಲೆನೋವು ಶುರುವಾಯಿತು. ಬೆಳಗ್ಗೆ ಸ್ನಾನ ಮುಗಿಸಿ ಒದ್ದೆ ಕೂದಲನ್ನೇ ಎಳೆದು ಗಂಟು ಹಾಕಿ, ಅದರ ಮೇಲೆ ಗಾಳಿಯಾಡದ ಪಾಲಿಯೆಸ್ಟರ್ ಸುತ್ತಿ, ಮೆಟ್ರೊ ಹಿಡಿಯಲು ಓಡುವುದು. ಮಳೆಗಾಲ ಬರುವಷ್ಟರಲ್ಲಿ ನೆತ್ತಿಯಲ್ಲಿ ತುರಿಕೆ, ಹೊಟ್ಟು. ಹಣೆಯ ಅಂಚಿನಲ್ಲಿ ಕೂದಲು ತೆಳುವಾಗತೊಡಗಿತ್ತು.

ಚರ್ಮದ ಡಾಕ್ಟರು ಹಿಜಾಬ್ ತೆಗೆಯಿರಿ ಎನ್ನುತ್ತಾರೇನೋ ಎಂದು ಹೆದರಿಕೊಂಡೇ ಹೋಗಿದ್ದೆ. ಅವರು ಹಾಗೇನೂ ಹೇಳಲಿಲ್ಲ. ಕೂದಲು ಪೂರ್ತಿ ಒಣಗಿದ ಮೇಲೆ ಕಟ್ಟಿ, ದಿನಾ ಒಂದೇ ಜಾಗದಲ್ಲಿ ಎಳೆದು ಗಂಟು ಹಾಕಬೇಡಿ, ಒಳಗಿನ ಟೋಪಿ ಬೆವರು ಹೀರುವಂಥದ್ದಿರಲಿ, ದಿನಾ ಬದಲಿಸಿ ಎಂದರು. ಬಹಳ ಕಾಲ ಹೀಗೇ ಎಳೆಯುತ್ತಿದ್ದರೆ ಕೂದಲಿನ ಬುಡ ಸೋತು ಮತ್ತೆ ಬೆಳೆಯುವುದೇ ಕಷ್ಟವಾಗುತ್ತದೆ ಎಂದೂ ಎಚ್ಚರಿಸಿದರು. ಔಷಧಿ ಚೀಟಿ ಬರೆಯುತ್ತಾ ತಲೆ ಎತ್ತದೆ ಕೇಳಿದರು, "ದಿನಾ ಹಾಕೋದು ಸಿಂಥೆಟಿಕ್ಕಾ?"

ನೂಲು ಯಾವುದು? ನಾನಾ ಕೇಳಿದ್ದ ಮೊದಲ ಪ್ರಶ್ನೆ.

ನೂಲು ಬೇರೆ, ಹೆಸರು ಬೇರೆ

ಆ ಶನಿವಾರ ಶಿವಾಜಿನಗರಕ್ಕೆ ಹೋದೆ. ಈ ಸಲ ಕನ್ನಡಿಯ ಮುಂದೆ ನಿಲ್ಲಲಿಲ್ಲ. ಅಂಗಡಿಯವರು "ಪ್ಯೂರ್ ಜಾರ್ಜೆಟ್ ಮೇಡಂ," ಎಂದರೆ, "ನೂಲು ಯಾವುದು ಭಾಯ್?" ಎಂದೆ. ಅವರು ಒಂದು ಕ್ಷಣ ನೋಡಿ, ಕೌಂಟರ್ ಕೆಳಗಿಂದ ಬೇರೆಯೇ ಕಟ್ಟು ತೆಗೆದರು. ನಾನಾ ಗೆದ್ದರು.

ಆವತ್ತಿನಿಂದ ಇವತ್ತಿನವರೆಗೆ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಹಿಜಾಬ್ ಹಾಕದವರಿಗೂ ದುಪಟ್ಟಾ, ಸ್ಟೋಲ್, ಸೀರೆಗೆ ಇದೇ ಲೆಕ್ಕ.

ಮೊದಲಿಗೆ ಹೆಸರುಗಳ ಗೊಂದಲ. ಶಿಫಾನ್, ಜಾರ್ಜೆಟ್, ಸ್ಯಾಟಿನ್, ಕ್ರೇಪ್, ಜೆರ್ಸಿ, ಇವೆಲ್ಲ ಬಟ್ಟೆಯನ್ನು ಹೇಗೆ ಮಾಡಿದ್ದಾರೆ ಎನ್ನುವುದನ್ನು ಹೇಳುವ ಹೆಸರುಗಳು. ಹತ್ತಿ, ರೇಷ್ಮೆ, ಪಾಲಿಯೆಸ್ಟರ್, ವಿಸ್ಕೋಸ್, ಮೋಡಾಲ್, ಇವು ನೂಲಿನ ಹೆಸರುಗಳು. ಶಿಫಾನ್ ರೇಷ್ಮೆಯದ್ದೂ ಇರಬಹುದು, ಪಾಲಿಯೆಸ್ಟರಿನದ್ದೂ ಇರಬಹುದು. ಇನ್ನೂರು ರೂಪಾಯಿಗೆ ಸಿಗುವ "ಪ್ಯೂರ್ ಶಿಫಾನ್" ಯಾವುದೆಂದು ನೀವೇ ಊಹಿಸಿ. ಆನ್‌ಲೈನಿನಲ್ಲಿ ಕೊಳ್ಳುವಾಗ ಫೋಟೊ ನೋಡುವ ಮೊದಲು ಕೆಳಗೆ ಸರಿಸಿ, ಯಾವ ನೂಲು ಶೇಕಡಾ ಎಷ್ಟು ಎಂದು ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ನಾನು ಮುಂದೆ ಹೋಗುತ್ತೇನೆ. "ಬಿದಿರಿನ ಬಟ್ಟೆ" ಎಂದು ಮಾರುವುದು ಕೂಡ ಹೆಚ್ಚಾಗಿ ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸೇ.

ಬೆಂಕಿ ಪರೀಕ್ಷೆಯನ್ನು ಅಂಗಡಿಯಲ್ಲಿ ಮಾಡಲಾಗುವುದಿಲ್ಲ ನಿಜ. ಮನೆಯಲ್ಲಿ ಮಾಡುವುದಾದರೂ ಒಂದೇ ಎಳೆ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ, ಪಕ್ಕದಲ್ಲಿ ನೀರಿಟ್ಟುಕೊಂಡು ಮಾಡಿ. ಇನ್ನೊಂದು ಮಾತು. ವಿಸ್ಕೋಸ್ ಕೂಡ ಹತ್ತಿಯ ಹಾಗೇ ಕಾಗದದ ವಾಸನೆಯಲ್ಲಿ ಉರಿಯುತ್ತದೆ. ಹಾಗಾಗಿ ಬೆಂಕಿ ಆ ಎರಡರ ವ್ಯತ್ಯಾಸ ಹೇಳುವುದಿಲ್ಲ.

ಕನ್ನಡಿಗಲ್ಲ, ದಿನಕ್ಕೆ

ಈಗ ನಾನು ಹಿಜಾಬ್ ಆರಿಸುವುದು ಆ ದಿನ ಏನೇನು ಕೆಲಸ ಇದೆ ಎಂದು ನೋಡಿಕೊಂಡು.

ಬಸ್ಸು, ಮೆಟ್ರೊ, ಬಿಸಿಲು ಎಲ್ಲ ಇರುವ ದಿನ ಹತ್ತಿಯ ವಾಯಿಲ್ ಅಥವಾ ಮಲ್ಮಲ್. ಬೆವರು ಹೀರುತ್ತದೆ, ಗಾಳಿಯಾಡುತ್ತದೆ, ತಲೆಯ ಮೇಲೆ ಕೂತಲ್ಲಿ ಕೂರುತ್ತದೆ. ಎರಡು ಪಿನ್ನು ಸಾಕು. ಬೇಸಿಗೆಯಲ್ಲಿ ದಾವಣಗೆರೆಗೆ ಹೋದರೆ ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಇದರ ತೊಂದರೆ ಸುಕ್ಕು. ಸಂಜೆ ಹೊತ್ತಿಗೆ ನಿದ್ದೆಯಿಂದ ಎದ್ದು ಬಂದವರ ಹಾಗೆ ಕಾಣಿಸುತ್ತೇವೆ. ಹತ್ತಿ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ ಕೂಡ. ಅದಕ್ಕೇ ಉದ್ದ ಅಗಲದಲ್ಲಿ ನಾಲ್ಕು ಬೆರಳು ಹೆಚ್ಚೇ ಇರುವುದನ್ನು ಕೊಳ್ಳುತ್ತೇನೆ.

ಮೀಟಿಂಗ್ ಇರುವ ದಿನ ಮೋಡಾಲ್. ಬೀಚ್ ಎಂಬ ಮರದ ತಿರುಳಿನಿಂದ ಮಾಡುವ ನೂಲು ಇದು. ಮೆತ್ತಗಿರುತ್ತದೆ, ಹತ್ತಿಯಷ್ಟು ಸುಕ್ಕಾಗುವುದಿಲ್ಲ, ಸ್ಯಾಟಿನ್ನಿನಂತೆ ಜಾರುವುದಿಲ್ಲ, ಇಳಿಬೀಳುವ ರೀತಿಯೂ ಚೆಂದ. ಬೆಲೆ ಜಾಸ್ತಿ. ನನ್ನ ಹತ್ತಿರ ಎರಡೇ ಇವೆ. ವಿಸ್ಕೋಸ್ ಇದರ ಬಡ ಅಕ್ಕ. ತಂಪು, ಮೆತ್ತಗೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ಒದ್ದೆಯಾದಾಗ ಬಹಳ ಸೂಕ್ಷ್ಮ. ಹತ್ತಿ ನೀರಿಗೆ ಬಿದ್ದರೆ ಇನ್ನೂ ಗಟ್ಟಿಯಾಗುತ್ತದೆ. ವಿಸ್ಕೋಸ್ ತನ್ನ ಬಲದಲ್ಲಿ ಹೆಚ್ಚುಕಮ್ಮಿ ಅರ್ಧ ಕಳೆದುಕೊಳ್ಳುತ್ತದೆ. ಒದ್ದೆ ವಿಸ್ಕೋಸನ್ನು ಎರಡು ಕೈಯಲ್ಲಿ ಹಿಡಿದು ಹಿಂಡಿದರೆ ಮುಗಿಯಿತು.

ರೈಲು ಪ್ರಯಾಣಕ್ಕೆ, ಜಿಮ್‌ಗೆ, ಮಗು ಎತ್ತಿಕೊಳ್ಳುವ ಅಕ್ಕಂದಿರಿಗೆ ಜೆರ್ಸಿ. ಇದು ನೇಯ್ದದ್ದಲ್ಲ, ಟಿ ಶರ್ಟಿನ ಹಾಗೆ ಹೆಣೆದದ್ದು. ಅದಕ್ಕೇ ಎಳೆದರೆ ಹಿಗ್ಗುತ್ತದೆ, ಪಿನ್ನೇ ಬೇಕಿಲ್ಲ. ಆದರೆ ಒದ್ದೆಯಿದ್ದಾಗ ತಂತಿಗೆ ನೇತುಹಾಕಿದರೆ ತನ್ನದೇ ಭಾರಕ್ಕೆ ಉದ್ದವಾಗಿ ಆಕಾರ ಕೆಡುತ್ತದೆ. ಟವೆಲ್ ಮೇಲೆ ಹರಡಿ ಒಣಗಿಸಬೇಕು.

ಶಿಫಾನ್, ಜಾರ್ಜೆಟ್ ಎರಡೂ ಬಿಗಿಯಾಗಿ ಹುರಿಗೊಳಿಸಿದ ನೂಲಿನಿಂದ ಮಾಡಿದವು. ಶಿಫಾನ್ ತೆಳು, ಹೆಚ್ಚು ಜಾರುತ್ತದೆ. ಜಾರ್ಜೆಟ್ ತುಸು ದಪ್ಪ, ಮೈ ತುಸು ಒರಟು. ಹಾಗಾಗಿ ಕಲಿಯುವವರಿಗೆ ಜಾರ್ಜೆಟ್ ಸುಲಭ. ಮದುವೆ ಮನೆಗೆ, ಎಸಿ ಇರುವ ಜಾಗಕ್ಕೆ ಇವು ಸರಿ. ಒಳಗೆ ಹತ್ತಿಯ ಟೋಪಿ ಇರಲೇಬೇಕು. ಇಲ್ಲದಿದ್ದರೆ ಕೂದಲೂ ಕಾಣುತ್ತದೆ, ಬಟ್ಟೆಯೂ ನಿಲ್ಲುವುದಿಲ್ಲ.

ಸ್ಯಾಟಿನ್ ಮಿಂಚುವುದಕ್ಕೆ ಕಾರಣ ಅದರ ನೇಯ್ಗೆ. ನೂಲುಗಳು ಉದ್ದುದ್ದಕ್ಕೆ ಮೇಲೆ ತೇಲಿಕೊಂಡು ಹೋಗುತ್ತವೆ. ಬೆಳಕು ಚೆನ್ನಾಗಿ ಹೊಳೆಯುವುದೂ ಅದಕ್ಕೇ, ಉಂಗುರಕ್ಕೆ ಸಿಕ್ಕಿ ಎಳೆ ಕೀಳುವುದೂ ಅದಕ್ಕೇ. ನನ್ನ ನಾಲ್ಕು ಸ್ಯಾಟಿನ್‌ಗಳಲ್ಲಿ ಒಂದನ್ನು ಪಿಜಿಯ ಇಸ್ತ್ರಿಪೆಟ್ಟಿಗೆ ನುಂಗಿತು. ಹತ್ತಿಗೆಂದು ಕಾಯಿಸಿಟ್ಟಿದ್ದ ಇಸ್ತ್ರಿಯನ್ನು ಅದರ ಮೇಲಿಟ್ಟೆ. ಅಷ್ಟಗಲ ಬಟ್ಟೆ ಕರಗಿ ತಳಕ್ಕೇ ಅಂಟಿತು. ಲೇಬಲ್ಲಿನಲ್ಲಿ ಇಸ್ತ್ರಿಯ ಚಿತ್ರ, ಅದರೊಳಗೆ ಚುಕ್ಕಿಗಳು ಇರುತ್ತವಲ್ಲ, ಅವುಗಳ ಅರ್ಥ ಆಮೇಲೆ ತಿಳಿಯಿತು. ಒಂದು ಚುಕ್ಕಿ ಕಡಿಮೆ ಶಾಖ, ಎರಡು ಮಧ್ಯಮ, ಮೂರು ಜೋರು. ಗೀಟು ಹೊಡೆದಿದ್ದರೆ ಇಸ್ತ್ರಿಯೇ ಬೇಡ. ಒಂದೇ ಸಲ ಹಲವು ಬಟ್ಟೆ ಇಸ್ತ್ರಿ ಮಾಡುವುದಾದರೆ ಪಾಲಿಯೆಸ್ಟರಿನಿಂದ ಶುರು ಮಾಡಿ ಹತ್ತಿಗೆ ಮುಗಿಸಿ.

ರೇಷ್ಮೆಯದ್ದು ನನ್ನ ಹತ್ತಿರ ಒಂದೇ ಒಂದು, ಚಿಕ್ಕಮ್ಮನ ಮಗಳ ಮದುವೆಗೆಂದು ಕೊಂಡದ್ದು. ಅದನ್ನು ನೋಡಿಕೊಳ್ಳುವುದನ್ನು ಹೇಳಿಕೊಟ್ಟದ್ದು ಆಫೀಸಿನ ಗೆಳತಿ. ಅವಳ ಬೀರುವಿನಲ್ಲಿ ಅವಳ ಅಜ್ಜಿಯ ಮೈಸೂರು ಸಿಲ್ಕ್ ಸೀರೆ ಇದೆ. ಮೈಸೂರಿನ ರೇಷ್ಮೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಅಷ್ಟು ಕಾಲದ ಅನುಭವ ನಮ್ಮ ಮನೆಗಳ ಬೀರುಗಳಲ್ಲಿದೆ, ನಾವು ಕೇಳುವುದಿಲ್ಲ ಅಷ್ಟೆ. ಅವಳು ಹೇಳಿದ್ದು ಇಷ್ಟು. ರೇಷ್ಮೆಯೂ ನಮ್ಮ ಕೂದಲಿನ ಹಾಗೆ ಪ್ರೋಟೀನ್. ತಲೆಗೆ ಹಾಕಲು ಹೆದರುವ ಸೋಪನ್ನು ರೇಷ್ಮೆಗೂ ಹಾಕಬೇಡ. ಅಂಟುವಾಳದ ನೀರು ಅಥವಾ ಸೌಮ್ಯ ಶಾಂಪೂ, ತಣ್ಣೀರು, ನೆರಳು. ಇಸ್ತ್ರಿ ಒಳಮೈ ಮೇಲೆ, ಕಡಿಮೆ ಶಾಖದಲ್ಲಿ. ಅತ್ತರು, ಸೆಂಟು ಹಚ್ಚಿಕೊಳ್ಳುವುದಿದ್ದರೆ ಮೊದಲೇ ಹಚ್ಚಿ ಆರಿದ ಮೇಲೆ ಬಟ್ಟೆ ಹಾಕಿಕೋ. ಪ್ಲಾಸ್ಟಿಕ್ ಕವರಿನಲ್ಲಿಡದೆ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿಡು, ಆಗಾಗ ತೆಗೆದು ಮಡಿಕೆ ಬದಲಿಸು. ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಬಟ್ಟೆ ಹರಿಯುತ್ತದೆ.

ವಾಷಿಂಗ್ ಮಷಿನ್ನಿನ ಬಾಗಿಲು

ಇಷ್ಟೆಲ್ಲ ಹೇಳುತ್ತಿರುವವಳು ಮಾಡಿದ ತಪ್ಪನ್ನೂ ಹೇಳಬೇಕು.

ಹೊಸ ಹತ್ತಿ ಹಿಜಾಬ್‌ಗಳು ಬಂದ ಮೇಲೆ ನಾನಿಯ ಮಲ್ಮಲ್ ದುಪಟ್ಟಾ ನನಗೆ ಮತ್ತೆ ಕಣ್ಣಿಗೆ ಬಿತ್ತು. ನಮಾಜಿಗೆ ಇಟ್ಟುಕೊಂಡಿದ್ದೆ. ನೆತ್ತಿ ತುರಿಸುತ್ತಿದ್ದ ದಿನಗಳಲ್ಲಿ ರೂಮಿನಲ್ಲಿ ಅದನ್ನೇ ಸುತ್ತಿಕೊಂಡು ಕೂರುತ್ತಿದ್ದೆ. ಒಂದು ಭಾನುವಾರ ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಮಷಿನ್ನಿಗೆ ತುರುಕಿದೆ. ಜೀನ್ಸು, ಟವೆಲ್ಲು, ಹಿಜಾಬು, ದುಪಟ್ಟಾ. ಬಾಗಿಲು ತೆರೆದಾಗ ಜೀನ್ಸಿನ ಜಿಪ್ಪಿಗೆ ದುಪಟ್ಟಾ ಸಿಕ್ಕಿಕೊಂಡಿತ್ತು. ಬಿಡಿಸಿ ನೋಡಿದರೆ ನಡುಮಧ್ಯೆ ಗೇಣುದ್ದ ಹರಿದಿತ್ತು.

ಪಿಜಿಯ ಟೆರೇಸಿನಲ್ಲಿ ಅದನ್ನು ಹಿಡಿದು ನಿಂತೆ. ಅಳು ಬರಲಿಲ್ಲ, ಭಯವಾಯಿತು. ನಾನಾ ತಂದ ಬಟ್ಟೆಯಲ್ಲಿ ಉಳಿದದ್ದು ಇದೊಂದೇ ಎಂದು ಗೊತ್ತಿತ್ತು. ಒಣಗಿಸಿ, ಮಡಚಿ, ಸೂಟ್‌ಕೇಸಿನ ತಳದಲ್ಲಿ ಮುಚ್ಚಿಟ್ಟೆ. ಏಳು ತಿಂಗಳು ಯಾರಿಗೂ ಹೇಳಲಿಲ್ಲ. ಫೋನಿನಲ್ಲಿ ನಾನಿ, "ದುಪಟ್ಟಾ ಚೆನ್ನಾಗಿದ್ಯಾ?" ಎಂದು ನಗುತ್ತಾ ಕೇಳಿದರೆ, "ಚೆನ್ನಾಗಿದೆ ನಾನಿ," ಎನ್ನುತ್ತಿದ್ದೆ. ನಮಾಜಿಗೆ ನಿಂತಾಗಲೆಲ್ಲ ಆ ಸುಳ್ಳು ನೆನಪಾಗುತ್ತಿತ್ತು.

ಆ ಭಾನುವಾರದ ನಂತರ ನನ್ನ ಒಗೆಯುವ ಪದ್ಧತಿಯೇ ಬದಲಾಯಿತು. ಹಿಜಾಬ್‌ಗಳಿಗೆ ಬೇರೆ ಬಕೆಟ್ಟು. ಮೊದಲು ಪಿನ್ನುಗಳೆಲ್ಲ ತೆಗೆದಿದ್ದೇನಾ ಎಂದು ಕೈಯಾಡಿಸುತ್ತೇನೆ. ತಣ್ಣೀರಿನಲ್ಲಿ ಸೌಮ್ಯ ಸೋಪು ಕರಗಿಸಿ ಆಮೇಲೆ ಬಟ್ಟೆ ಹಾಕುತ್ತೇನೆ. ಉಜ್ಜದೆ ಒತ್ತಿ ಒತ್ತಿ ತೆಗೆಯುತ್ತೇನೆ. ಹಿಂಡುವ ಬದಲು ಟವೆಲ್ಲಿನಲ್ಲಿ ಸುರುಳಿ ಸುತ್ತಿ ಅದುಮಿದರೆ ನೀರು ಅದಕ್ಕೆ ಹೋಗುತ್ತದೆ. ನೆರಳಿನಲ್ಲಿ ಒಣಗಿಸಿದರೆ ಬಣ್ಣ ಉಳಿಯುತ್ತದೆ. ಸುಕ್ಕುಸುಕ್ಕಾಗಿಯೇ ಇರಬೇಕಾದ ಕ್ರಿಂಕಲ್ ಬಟ್ಟೆಯನ್ನು ಮಾತ್ರ ಒದ್ದೆಯಿದ್ದಾಗಲೇ ಹಗ್ಗದ ಹಾಗೆ ಮೆಲ್ಲಗೆ ತಿರುಚಿಟ್ಟು ಒಣಗಿಸಬೇಕು, ಇಸ್ತ್ರಿ ಕೂಡದು. ಮಷಿನ್ನಿಗೆ ಹಾಕಲೇಬೇಕಾದರೆ ಜಾಲರಿ ಚೀಲ, ಡೆಲಿಕೇಟ್ ಸೆಟ್ಟಿಂಗ್, ಜೊತೆಗೆ ಜಿಪ್ಪು ಹುಕ್ಕು ಇರುವ ಯಾವುದೂ ಬೇಡ.

ಹೊಸ ಗಾಢ ಬಣ್ಣದವನ್ನು ಮೊದಲ ಕೆಲವು ಸಲ ಒಂಟಿಯಾಗಿ ಒಗೆಯಿರಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ನಾನು ಒಂದು ಬಿಳಿ ಹಿಜಾಬನ್ನು ಗುಲಾಬಿ ಮಾಡಿಕೊಂಡಿದ್ದೇನೆ. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪು ನೊರೆ ಬರುವುದಿಲ್ಲ, ಬಟ್ಟೆಯೂ ಬಿರುಸಾಗುತ್ತದೆ. ಸೋಪು ಹೆಚ್ಚಿಸುವ ಬದಲು ಇನ್ನೊಂದು ಸಲ ಜಾಲಿಸಿ. ಮೆತ್ತಗಾಗಲಿ ಎಂದು ಫ್ಯಾಬ್ರಿಕ್ ಕಂಡಿಷನರ್ ಸುರಿಯುತ್ತಿದ್ದರೆ ಹತ್ತಿ ಬೆವರು ಹೀರುವುದನ್ನೇ ಕಡಿಮೆ ಮಾಡುತ್ತದೆ. ಶಿಫಾನಿಗೆ ದಪ್ಪ ಸೇಫ್ಟಿ ಪಿನ್ನು ಚುಚ್ಚಿದರೆ ತೂತು ಉಳಿಯುತ್ತದೆ. ತೆಳು ಗುಂಡುಪಿನ್ನು ಅಥವಾ ಅಯಸ್ಕಾಂತದ ಪಿನ್ನು ವಾಸಿ. ಎದೆಯಲ್ಲಿ ಪೇಸ್‌ಮೇಕರ್ ಇರುವ ಹಿರಿಯರಿಗೆ ಮಾತ್ರ ಅಯಸ್ಕಾಂತದ್ದು ಕೊಡಬೇಡಿ.

ನೆತ್ತಿಯ ತುರಿಕೆ ಮೂರು ತಿಂಗಳಲ್ಲಿ ಹೋಯಿತು. ಹಣೆಯ ಅಂಚಿನಲ್ಲಿ ಪುಟ್ಟ ಕೂದಲುಗಳು ಮತ್ತೆ ಬಂದವು. ವರ್ಷ ಕಳೆದು ಇನ್ನೊಂದು ವರದಿ ನನ್ನ ಕೈಗೆ ಬಂತು. ಬೂದು ಬಣ್ಣದ ಮೋಡಾಲ್ ಸುತ್ತಿಕೊಂಡು ಹೋದೆ. ನಲವತ್ತು ನಿಮಿಷ ಮಾತಾಡಿದೆ, ಎರಡೂ ಕೈ ಬೀಸಿಕೊಂಡು. ತಲೆಯ ಮೇಲೆ ಬಟ್ಟೆಯಿದೆ ಎನ್ನುವುದು ನೆನಪಾದದ್ದು ಲಿಫ್ಟಿನ ಕನ್ನಡಿ ನೋಡಿದಾಗಲೇ.

ನಾನಿಯ ಸೂಜಿ

ಬಕ್ರೀದಿಗೆ ಊರಿಗೆ ಹೋದಾಗ ದುಪಟ್ಟಾವನ್ನು ಜೊತೆಗೆ ಒಯ್ದೆ. ರೈಲು ಅರಸೀಕೆರೆ ದಾಟುವವರೆಗೂ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ. ಹಬ್ಬದ ಮರುದಿನ ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ನಾನಿಯ ಮಡಿಲಲ್ಲಿ ಅದನ್ನಿಟ್ಟು, "ಹರಿದುಹೋಯ್ತು ನಾನಿ. ನಾನೇ ಹರಿದೆ. ಏಳು ತಿಂಗಳಾಯ್ತು," ಎಂದೆ.

ನಾನಿಗೆ ಈಗ ಕಣ್ಣು ಮಂಜು. ಅವರು ಬೆರಳಲ್ಲೇ ಹರಿದ ಉದ್ದವನ್ನು ಅಳೆದರು.

"ಇಷ್ಟೇನಾ?"

"ನಾನಾ ತಂದಿದ್ದು..."

"ನಿಮ್ಮ ನಾನಾ ಇಂಥವು ಮೂರು ತಂದಿದ್ರು. ಒಂದು ನಿಮ್ಮ ಅಮ್ಮಿಯ ಜೋಲಿ ಆಯ್ತು. ಇನ್ನೊಂದು ನಿನ್ನ ಲಂಗೋಟಿ ಆಯ್ತು. ಇದೊಂದು ತಲೆ ಮೇಲೆ ಉಳಿದಿತ್ತು." ನಾನಿ ನಕ್ಕರು. ಆಮೇಲೆ ದುಪಟ್ಟಾದ ಅಂಚನ್ನು ತಡವುತ್ತಾ ಹೋಗಿ ಒಂದು ಕಡೆ ನಿಂತರು. "ಇಲ್ಲಿ ನೋಡು."

ನೋಡಿದೆ. ನೂಲಿಗೆ ನೂಲು ಹೆಣೆದ ಸಣ್ಣ ರಫೂ. ಇಷ್ಟು ದಿನ ತಲೆಗೆ ಸುತ್ತಿಕೊಂಡರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಟ್ಟು ನಾಲ್ಕು ಕಡೆ ಇತ್ತು. ಮೂರು ನಾನಿ ಮಾಡಿದ್ದು. ನಾಲ್ಕನೆಯದು ಸ್ವಲ್ಪ ಗುಬುಟು ಗುಬುಟಾಗಿತ್ತು.

"ಅದು ನಿಮ್ಮ ನಾನಾದು. ನನಗೆ ಜ್ವರ ಬಂದು ಮಲಗಿದ್ದಾಗ ಮಾಡಿದ್ದು. ಎಷ್ಟು ಸೊಟ್ಟ ಇದೆ ನೋಡು. ಆಯುಷ್ಯವೆಲ್ಲ ಮಿಲ್ಲಿನಲ್ಲಿ ಕಳೆದರೂ ಸೂಜಿ ಹಿಡಿಯಕ್ಕೆ ಬರಲಿಲ್ಲ ಆ ಮನುಷ್ಯನಿಗೆ."

ಡಬ್ಬಿಯಿಂದ ಸೂಜಿ ತೆಗೆದರು. ದಾರ ಎಲ್ಲಿದೆ ಎಂದು ನಾನು ಹುಡುಕುತ್ತಿದ್ದರೆ ಬೇಡವೆಂದರು. ದುಪಟ್ಟಾದ ಅಂಚಿನಿಂದಲೇ ಒಂದು ಎಳೆ ನೂಲನ್ನು ಮೆಲ್ಲಗೆ ಹಿರಿದರು. ಅದೇ ಬಟ್ಟೆಯ ನೂಲಾದರೆ ರಫೂ ಕಾಣುವುದಿಲ್ಲವಂತೆ, ಒಗೆದಾಗ ಎರಡೂ ಒಂದೇ ಸಮ ಕುಗ್ಗುತ್ತದಂತೆ. ನಾನಾ ನನ್ನ ನೇರಳೆ ಹಿಜಾಬಿನ ಎಳೆ ಕಿತ್ತಾಗ ಬೆರಳು ಹಿಡಿದದ್ದೂ ಥೇಟ್ ಹೀಗೇ ಇತ್ತು.

ನಾನಿಗೆ ಸೂಜಿಯ ಕಣ್ಣು ಕಾಣಿಸುವುದಿಲ್ಲ. ನಾನು ಪೋಣಿಸಿದೆ. ಹೊಲಿಯಲು ನನಗೆ ಬರುವುದಿಲ್ಲ. ಅವರು ನನ್ನ ಕೈ ಮೇಲೆ ಕೈಯಿಟ್ಟು, ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ, ಎಳೀಬೇಡ, ಬಟ್ಟೆ ಮುದುಡ್ತದೆ ಎಂದು ಹೇಳುತ್ತಾ ಹೋದರು. ಅಸರ್ ನಮಾಜಿನ ಹೊತ್ತಾಗುವಷ್ಟರಲ್ಲಿ ನಾಲ್ಕು ಬೆರಳಗಲ ಮುಗಿದಿತ್ತು. ಉಳಿದದ್ದನ್ನು ಬೆಂಗಳೂರಿನಲ್ಲಿ ಭಾನುವಾರ ಭಾನುವಾರ ಕೂತು ಮುಗಿಸಿದೆ.

ಈಗ ಅದು ನನ್ನ ರೂಮಿನ ಗೂಟದಲ್ಲಿದೆ. ಹಿಜಾಬ್‌ಗಳ ಬಕೆಟ್ಟಿನಲ್ಲಿ ಅದಕ್ಕೆ ಮೊದಲ ನೀರು. ನಾನು ಮಾಡಿದ ಐದನೇ ರಫೂ ನಾನಾನದಕ್ಕಿಂತಲೂ ಸೊಟ್ಟ ಇದೆ. ಹೋದ ವಾರ ಫೋನಿನಲ್ಲಿ ನಾನಿ, "ದುಪಟ್ಟಾ ಚೆನ್ನಾಗಿದ್ಯಾ?" ಎಂದು ಕೇಳಿದರು.

"ಸ್ವಲ್ಪ ಸೊಟ್ಟಗಿದೆ ನಾನಿ," ಎಂದೆ.